ವಾಲ್ವ್ ಆಂಪ್ಲಿಫೈಯರಿಗೆ ಮೂರು ಜೊತೆ ಸ್ಪೀಕರ್ ಹಾಕಬಹುದೇ?

ಪ್ರಶ್ನೆ: ಸರ್, ನಮ್ಮದು ಬ್ರಹ್ಮಾವರದ ಹತ್ತಿರ ಹಳೇ ಹಂಚಿನ ಮನೆ. ನನ್ನ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದವರು. ಅವರು ಅಮೆರಿಕದಿಂದ ತಂದ ಡೈನಾಕೊ ಸ್ಟೀರಿಯೊ 70 ಟ್ಯೂಬ್ ಆಂಪ್ಲಿಫೈಯರ್ ಈಗ ನನ್ನ ಕೈಗೆ ಬಂದಿದೆ. ಕಳೆದ ವರ್ಷ ಸರ್ವಿಸ್ ಮಾಡಿಸಿದೆ, ಚೆನ್ನಾಗಿ ಹಾಡುತ್ತದೆ. ಒಂದು ಪ್ರಿಆಂಪ್ ಇಟ್ಟು ಫೋನಿನಿಂದ ಹಾಡು ಹಾಕುತ್ತೇನೆ. ಒಂದೊಂದು ಚಾನೆಲ್ಲಿಗೂ 0, 4, 8, 16 ಅಂತ ನಾಲ್ಕು ಸ್ಕ್ರೂ ಇವೆ. ಚಾವಡಿಯಲ್ಲಿ ಮಾವನದೇ ಎರಡು ದೊಡ್ಡ ಪೆಟ್ಟಿಗೆ, ಹಿಂದೆ 15 ಓಮ್ಸ್ ಎಂದು ಬರೆದಿದೆ. ಉಪ್ಪರಿಗೆಯ ಕೋಣೆಗೆ 8 ಓಮ್ಸ್‌ನ ಬುಕ್‌ಶೆಲ್ಫ್ ಸ್ಪೀಕರ್ ಖರೀದಿಸಿದ್ದೇನೆ. ಇನ್ನೊಂದು ಜೊತೆ ಹಳೇ ಹೋಮ್ ಥಿಯೇಟರ್ ಸೆಟ್ಟಿನದು, ಸಣ್ಣವು, 4 ಓಮ್ಸ್. ಅವನ್ನು ಜಗಲಿಗೆ ಹಾಕಬೇಕು, ಬೆಳಿಗ್ಗೆ ಹೂ ಕಟ್ಟುವಾಗ ಅಮ್ಮನಿಗೆ ಹಾಡು ಬೇಕು. ನಮ್ಮ ಎಲೆಕ್ಟ್ರಿಷಿಯನ್ ‘ಎಲ್ಲವನ್ನೂ 8ರ ಸ್ಕ್ರೂವಿಗೇ ಸೇರಿಸಿ ಬಿಡುವ, ಏನೂ ಆಗುವುದಿಲ್ಲ’ ಅನ್ನುತ್ತಾರೆ. ಬೆಂಗಳೂರಿನ ಗೆಳೆಯ ‘ಟ್ಯೂಬ್ ಆಂಪ್ಲಿಫೈಯರಿಗೆ ಒಂದು ಜೊತೆಗಿಂತ ಹೆಚ್ಚು ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ’ ಅನ್ನುತ್ತಾನೆ. ಅಂಗಡಿಯವರು ಸೆಲೆಕ್ಟರ್ ಬಾಕ್ಸ್ ತೆಗೆದುಕೊಳ್ಳಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಈ ಮಾಡೆಲ್ ಮೊದಲು ಬಂದದ್ದು 1959ರಲ್ಲಿ. ಚಾನೆಲ್ಲಿಗೆ 35 ವಾಟ್. ನಾಲ್ಕು ಇಎಲ್34 ವಾಲ್ವ್, ಮಧ್ಯದಲ್ಲಿ ಎಸಿ ಕರೆಂಟನ್ನು ಡಿಸಿ ಮಾಡುವ ಒಂದು ಜಿಝಡ್34 ರೆಕ್ಟಿಫೈಯರ್. ನಾನು ವಾಲ್ವ್ ಅಂತಲೇ ಬರೆಯುತ್ತೇನೆ, ಕೆಲಸ ಕಲಿತ ಕಾಲದ ಮಾತು ಅದು. ನೀವು ಟ್ಯೂಬ್ ಅಂದರೂ ಎರಡೂ ಒಂದೇ.

ನಿಮ್ಮ ಚಿಂತೆ ಇಷ್ಟು. ಮೂರು ಕಡೆ ಹಾಡು ಬೇಕು, ಆದರೆ ಮಾವ ಜೋಪಾನ ಮಾಡಿದ ವಸ್ತು ನಿಮ್ಮ ಕೈಯಲ್ಲಿ ಹಾಳಾಗಬಾರದು. ಮೊದಲೇ ಹೇಳಿಬಿಡುತ್ತೇನೆ. ಚಾವಡಿಯದ್ದು ಮತ್ತು ಉಪ್ಪರಿಗೆಯದ್ದು, ಈ ಎರಡು ಜೊತೆ ಒಟ್ಟಿಗೆ ಹಾಕಬಹುದು. ನಿಮ್ಮ ಅದೃಷ್ಟಕ್ಕೆ ಆ ಎರಡರ ಲೆಕ್ಕ ಈ ಆಂಪ್ಲಿಫೈಯರಿಗೆ ಅಚ್ಚುಕಟ್ಟಾಗಿ ಕೂಡುತ್ತದೆ. ಜಗಲಿಯ 4 ಓಮ್ಸ್ ಜೊತೆ ಮಾತ್ರ ಇದಕ್ಕೆ ಬೇಡ. ಅಮ್ಮನ ಹಾಡಿಗೆ ಬೇರೆ ದಾರಿ ಇದೆ, ಆಮೇಲೆ ಹೇಳುತ್ತೇನೆ.

ನಿಮ್ಮ ಎಲೆಕ್ಟ್ರಿಷಿಯನ್ ಮನೆ ವೈರಿಂಗಿನ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ. ಅಲ್ಲಿ ಒಂದೇ ಲೈನಿಗೆ ಬಲ್ಬಿನ ಪಕ್ಕ ಬಲ್ಬು ಸೇರಿಸುತ್ತಾ ಹೋಗಬಹುದು. ಸ್ಪೀಕರನ್ನು ಹಾಗೆ ಒಂದರ ಪಕ್ಕ ಒಂದು ಸೇರಿಸಿದರೆ, ಅಂದರೆ ಪ್ಯಾರಲಲ್ ಮಾಡಿದರೆ, ಒಟ್ಟು ಓಮ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತಾ ಹೋಗುತ್ತದೆ. 8 ಮತ್ತು 8 ಸೇರಿದರೆ 4. ನಿಮ್ಮ 15, 8 ಮತ್ತು 4 ಮೂರೂ ಸೇರಿದರೆ 2.26 ಓಮ್ಸ್. ಅದನ್ನು 8ರ ಸ್ಕ್ರೂವಿಗೆ ಕೊಡುವುದೆಂದರೆ ಇರಬೇಕಾದ್ದರ ಕಾಲು ಭಾಗಕ್ಕೆ ಇಳಿದ ಹಾಗೆ.

ಇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಳಗಿನ ಕಬ್ಬಿಣದ ವಿಷಯ ಸ್ವಲ್ಪ ಹೇಳಬೇಕು. ವಾಲ್ವ್ ಕೆಲಸ ಮಾಡುವುದು ತುಂಬಾ ವೋಲ್ಟೇಜ್, ಸ್ವಲ್ಪ ಕರೆಂಟಿನಲ್ಲಿ. ನಿಮ್ಮ ಆಂಪ್ಲಿಫೈಯರಿನಲ್ಲಿ ಅದು 400 ವೋಲ್ಟಿಗಿಂತ ಜಾಸ್ತಿ. ಸ್ಪೀಕರಿಗೆ ಬೇಕಾದ್ದು ಸ್ವಲ್ಪ ವೋಲ್ಟೇಜ್, ತುಂಬಾ ಕರೆಂಟ್. ಎರಡಕ್ಕೂ ನೇರ ಹೊಂದಾಣಿಕೆ ಇಲ್ಲ. ಅದಕ್ಕೇ ಮಧ್ಯದಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ. ಡೈನಾಕೊದಲ್ಲಿ ಒಂದು ಜೋಡಿ ಇಎಲ್34ಗೆ ಎದುರು ಸುಮಾರು 4300 ಓಮ್ಸ್ ಕಾಣಬೇಕು. 8ರ ಸ್ಕ್ರೂವಿಗೆ ಸುತ್ತುಗಳ ಅನುಪಾತ ಸುಮಾರು 23ಕ್ಕೆ 1. ಓಮ್ಸ್ ಬದಲಾಗುವುದು ಅದರ ವರ್ಗದಷ್ಟು, ಹಾಗಾಗಿ 8 ಓಮ್ಸ್ ಸ್ಪೀಕರ್ ವಾಲ್ವಿನ ಕಣ್ಣಿಗೆ 4300 ಆಗಿ ಕಾಣುತ್ತದೆ. 4ರ ಸ್ಕ್ರೂವಿಗೆ 4 ಓಮ್ಸ್ ಹಾಕಿದರೂ ಅದೇ 4300, 16ಕ್ಕೆ 16 ಹಾಕಿದರೂ ಅದೇ. ಮೂರು ಸ್ಕ್ರೂ ಕೊಟ್ಟಿರುವುದೇ ಇದಕ್ಕಾಗಿ. ವಾಲ್ವಿಗೆ ಹೊರಗೆ ಎಷ್ಟು ಪೆಟ್ಟಿಗೆ ಇವೆ ಅನ್ನುವುದು ಗೊತ್ತಾಗುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಈ ಒಂದು ಸಂಖ್ಯೆ ಮಾತ್ರ.

ಈಗ 2.26 ಓಮ್ಸನ್ನು 8ರ ಸ್ಕ್ರೂವಿಗೆ ಹಾಕಿದರೆ ವಾಲ್ವಿಗೆ ಕಾಣುವುದು 1200 ಓಮ್ಸ್. ಕರೆಂಟ್ ಎಳೆಯುತ್ತದೆ, ಸ್ಪೀಕರಿಗೆ ಶಕ್ತಿ ಸರಿಯಾಗಿ ತಲುಪುವುದಿಲ್ಲ, ಮಿಕ್ಕಿದ್ದೆಲ್ಲ ವಾಲ್ವಿನ ಒಳಗಿನ ಲೋಹದ ಪ್ಲೇಟಿನಲ್ಲೇ ಬಿಸಿಯಾಗಿ ಕೂರುತ್ತದೆ. ಮೆಲ್ಲಗೆ ಹಾಕಿದಾಗ ಏನೂ ಆಗಿಲ್ಲ ಅನ್ನಿಸುತ್ತದೆ. ಎಲೆಕ್ಟ್ರಿಷಿಯನ್ ಮಾತು ನಿಜ ಅಂತ ಕಾಣುವುದು ಅದಕ್ಕೇ. ಹಬ್ಬದ ದಿನ ನೆಂಟರು ಬಂದಾಗ ವಾಲ್ಯೂಮ್ ಏರಿಸಿದರೆ ಮೊದಲು ಸ್ವರ ಒಡೆಯುತ್ತದೆ, ಆಮೇಲೆ ಪ್ಲೇಟ್ ಕೆಂಪಗಾಗುತ್ತದೆ.

ನಿಮ್ಮ ಗೆಳೆಯ ಹೇಳಿದ್ದೂ ಅರ್ಧ ಸರಿ. ಟ್ರಾನ್ಸ್‌ಫಾರ್ಮರ್ ಸುಡುವುದು ನಿಜ, ಆದರೆ ಜೊತೆ ಎರಡಾದ ಕಾರಣಕ್ಕೆ ಅಲ್ಲ. ನಮ್ಮ ಕಡೆ ಜಾತ್ರೆಯಲ್ಲಿ, ಬಯಲಾಟದಲ್ಲಿ ಮೈಕ್‌ಸೆಟ್ಟಿನವರನ್ನು ನೋಡಿದ್ದೀರಲ್ಲ. ಒಂದೇ ಆಂಪ್ಲಿಫೈಯರಿನಿಂದ ಗದ್ದೆಯ ಉದ್ದಕ್ಕೂ ತೆಂಗಿನ ಮರಗಳಿಗೆ ಹತ್ತು ಹಾರ್ನ್ ಕಟ್ಟುತ್ತಾರೆ. ವಾಲ್ವಿನ ಕಾಲದಲ್ಲೂ ಕಟ್ಟುತ್ತಿದ್ದರು. ಅದು 100 ವೋಲ್ಟ್ ಲೈನ್. ಪ್ರತಿ ಹಾರ್ನಿಗೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. 10 ವಾಟಿಗೆ ಹೊಂದಿಸಿದ ಹಾರ್ನ್ ಲೈನಿಗೆ 1000 ಓಮ್ಸ್ ಆಗಿ ಕಾಣುತ್ತದೆ. ಅಂಥ ಹತ್ತು ಹಾರ್ನ್ ಸೇರಿದರೆ 100 ಓಮ್ಸ್, ಅಂದರೆ 100 ವಾಟ್ ಆಂಪ್ಲಿಫೈಯರಿಗೆ ಸರಿಯಾದ ಹೊರೆ. ಒಟ್ಟು ಲೆಕ್ಕ ಸರಿ ಇದ್ದರೆ ಹತ್ತು ಹಾರ್ನೂ ಒಂದೇ, ಒಂದು ಸ್ಪೀಕರೂ ಒಂದೇ.

ಇನ್ನು ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಈ ಪತ್ರದಲ್ಲಿ ನೀವು ಕೇಳದೇ ಇದ್ದ, ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ವಿಷಯ ಇದು. ಈಗಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಳಸಿದವರಿಗೆಲ್ಲ ಒಂದು ಅಭ್ಯಾಸ ಇದೆ. ಓಮ್ಸ್ ಜಾಸ್ತಿ ಇದ್ದರೆ ಸೇಫ್, ಸ್ಪೀಕರ್ ಇಲ್ಲದಿದ್ದರೆ ಇನ್ನೂ ಸೇಫ್, ವೈರ್ ತಾಗಿ ಶಾರ್ಟ್ ಆಗಬಾರದು ಅಷ್ಟೇ. ಟ್ರಾನ್ಸಿಸ್ಟರಿಗೆ ಈ ಮಾತು ಸರಿ. ವಾಲ್ವಿಗೆ ಇದು ತಿರುವುಮುರುವು. ಒಂದು ಗಳಿಗೆ ಶಾರ್ಟ್ ಆದರೆ ವಾಲ್ವ್ ಆಂಪ್ಲಿಫೈಯರ್ ಹೆಚ್ಚಾಗಿ ತಾಳಿಕೊಳ್ಳುತ್ತದೆ. ಜೋರಾಗಿ ಹಾಡುತ್ತಿರುವಾಗ ಸ್ಪೀಕರ್ ಕಳಚಿಬಿದ್ದರೆ ತಾಳುವುದಿಲ್ಲ.

ಬಾವಿಯಿಂದ ನೀರು ಸೇದುವಾಗ ಹಗ್ಗ ತುಂಡಾದರೆ ಸೇದುವವರು ಹಿಂದಕ್ಕೆ ಬೀಳುತ್ತಾರಲ್ಲ, ಇಲ್ಲಿ ಆಗುವುದೂ ಅದೇ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ತುಂಬಿಕೊಂಡ ಶಕ್ತಿ ಸ್ಪೀಕರಿಗೆ ಹೋಗಬೇಕು. ಸ್ಪೀಕರೇ ಇಲ್ಲದಿದ್ದರೆ ಅದು ವಾಪಸ್ ವಾಲ್ವಿನ ಕಡೆಗೆ ಜಿಗಿಯುತ್ತದೆ. 400 ವೋಲ್ಟ್ ಇರಬೇಕಾದ ಕಡೆ ಸಾವಿರಗಟ್ಟಲೆ ಏರಿ, ಸುತ್ತುಗಳ ನಡುವಿನ ತೆಳು ಕಾಗದವನ್ನು ತೂತು ಮಾಡುತ್ತದೆ.

ಕಾಪುವಿನ ಕಡಲ ಹತ್ತಿರದ ಒಂದು ಮನೆಯಿಂದ ಹೀಗೇ ಒಂದು ವಾಲ್ವ್ ಆಂಪ್ಲಿಫೈಯರ್ ನನ್ನ ಬೆಂಚಿಗೆ ಬಂದಿತ್ತು. ಮನೆಯಲ್ಲಿ ಮೆಹಂದಿ ಕಾರ್ಯಕ್ರಮ. ಹಾಡು ನಡುವೆ ನಿಂತುಹೋಯಿತಂತೆ. ನಿಂತಿತು ಅಂತ ವಾಲ್ಯೂಮ್ ಇನ್ನಷ್ಟು ತಿರುಗಿಸಿದರು. ಸ್ಪೀಕರಿನಿಂದ ಏನೂ ಇಲ್ಲ, ಆದರೆ ಆಂಪ್ಲಿಫೈಯರಿನ ಹತ್ತಿರ ಕಿವಿ ಇಟ್ಟರೆ ಅದೇ ಹಾಡು ಸಣ್ಣಗೆ, ಸೊಳ್ಳೆಯ ಸದ್ದಿನ ಹಾಗೆ, ಟ್ರಾನ್ಸ್‌ಫಾರ್ಮರಿನಿಂದಲೇ ಬರುತ್ತಿತ್ತಂತೆ. ಆಮೇಲೆ ಟಿಕ್ ಟಿಕ್ ಅಂತ ಕಿಡಿ. ನಾನು ತಳ ಬಿಚ್ಚಿದಾಗ ಸುಟ್ಟ ವಾರ್ನಿಷ್ ವಾಸನೆ ಇನ್ನೂ ಇತ್ತು. ವಾಲ್ವ್ ಸಾಕೆಟ್ಟಿನ ಎರಡು ಪಿನ್ನುಗಳ ನಡುವೆ ಪೆನ್ಸಿಲ್ ಗೆರೆಯ ಹಾಗೆ ಕಪ್ಪು ಮಸಿ. ಸಾಕೆಟ್ ಬದಲಾಯಿಸುವುದು ಸುಲಭ. ಟ್ರಾನ್ಸ್‌ಫಾರ್ಮರಿನ ಒಂದು ಕಡೆಯ ಸುತ್ತು ಹೋಗಿತ್ತು.

ಕಾರಣ ಹುಡುಕಿದರೆ ಸಿಕ್ಕಿದ್ದು ಸ್ಪೀಕರ್ ಪೆಟ್ಟಿಗೆಯ ಹಿಂದಿನ ಸ್ಪ್ರಿಂಗ್ ಕ್ಲಿಪ್. ಉಪ್ಪುಗಾಳಿಗೆ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಪುಡಿಯಾಗಿದ್ದವು. ಸ್ಪ್ರಿಂಗ್ ತುಕ್ಕು ಹಿಡಿದು ಹಿಡಿತ ಬಿಟ್ಟಿತ್ತು. ಯಾರೋ ಪಕ್ಕದಲ್ಲಿ ಕುರ್ಚಿ ಎಳೆದರು, ವೈರ್ ಜಾರಿತು, ಅಷ್ಟೇ. ನಮ್ಮೂರಲ್ಲಿ ಮೋಟರ್, ಪಂಪ್ ಕಾಯಿಲ್ ಸುತ್ತುವವರು ಬೇಕಾದಷ್ಟು ಜನ ಇದ್ದಾರೆ, ಒಳ್ಳೆ ಕೈ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಆ ಕೆಲಸ ಅಲ್ಲ. ಅದರಲ್ಲಿ ಪ್ರೈಮರಿ (ವಾಲ್ವಿನ ಕಡೆಯ ಸುತ್ತು) ಒಂದಿಷ್ಟು ಪದರ, ನಡುವೆ ಸೆಕೆಂಡರಿ (ಸ್ಪೀಕರಿನ ಕಡೆಯ ಸುತ್ತು), ಮತ್ತೆ ಪ್ರೈಮರಿ, ಹೀಗೆ ಹೆಣೆದು ಸುತ್ತಿರುತ್ತಾರೆ. ಆ ಹೆಣಿಗೆ ಹಾಗೇ ಬರದಿದ್ದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ನಿಮ್ಮ ಡೈನಾಕೊದಲ್ಲಿ ನಿಜವಾಗಿ ಬೆಲೆಬಾಳುವುದು ಆ ಎರಡು ಕಬ್ಬಿಣದ ಗಟ್ಟಿಗಳೇ. ಇಎಲ್34 ವಾಲ್ವನ್ನು ಈಗಲೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಮಾಡುತ್ತಾರೆ, ಹೋದರೆ ತರಿಸಬಹುದು.

ಸ್ಪೀಕರ್ ಇಲ್ಲದೆ ಸ್ವಿಚ್ ಹಾಕಿದ ಕೂಡಲೇ ವಾಲ್ವ್ ಆಂಪ್ಲಿಫೈಯರ್ ಸತ್ತುಹೋಗುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಅದು ಸುಳ್ಳು. ಹಾಡು ಇಲ್ಲದೆ ಸುಮ್ನೆ ಉರಿಯುತ್ತಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಪಾಯ ಇರುವುದು ಸಿಗ್ನಲ್ ಇದ್ದು ಹೊರೆ ಇಲ್ಲದಿದ್ದಾಗ. ಆದರೂ ಅಭ್ಯಾಸ ಒಳ್ಳೆಯದಿರಲಿ. ಮೊದಲು ಸ್ಪೀಕರ್ ವೈರ್ ನೋಡಿ, ಆಮೇಲೆ ಸ್ವಿಚ್ ಹಾಕಿ.

ಈಗ ನಿಮ್ಮ ಮನೆಗೆ ಬರೋಣ. ಸಾಮಾನ್ಯವಾಗಿ ಜನ ಮಾಡುವ ತಪ್ಪೊಂದಿದೆ. 8 ಓಮ್ಸ್ ಸ್ಪೀಕರನ್ನು 8ಕ್ಕೆ, 15 ಓಮ್ಸ್ ಸ್ಪೀಕರನ್ನು 16ಕ್ಕೆ, ಅದರದ್ದು ಅದಕ್ಕೆ ಹಾಕಿದೆ, ಎಲ್ಲ ಸರಿ ಅಂದುಕೊಳ್ಳುತ್ತಾರೆ. ಒಂದೊಂದೇ ನುಡಿಸುವುದಾದರೆ ಸರಿ. ಒಟ್ಟಿಗೆ ನುಡಿಸಿದರೆ ಎರಡೂ ಪೂರ್ತಿ ಪೂರ್ತಿ ಹೊರೆ ಹಾಕುತ್ತವೆ, ವಾಲ್ವಿಗೆ 4300ರ ಬದಲು ಅದರ ಅರ್ಧ ಕಾಣುತ್ತದೆ. ಒಬ್ಬನ ತಲೆ ಮೇಲೆ ಎರಡು ಕೊಡ ಇಟ್ಟ ಹಾಗೆ.

ಇದಕ್ಕೆ ಹಳಬರು ಮಾಡುತ್ತಿದ್ದ ಉಪಾಯ ಸುಲಭ. ಪ್ರತಿ ಜೊತೆಯನ್ನೂ ಒಂದು ಮೆಟ್ಟಿಲು ಕೆಳಗಿನ ಸ್ಕ್ರೂವಿಗೆ ಹಾಕಿ. ಚಾವಡಿಯ 15 ಓಮ್ಸ್ 8ರ ಸ್ಕ್ರೂವಿಗೆ. ಉಪ್ಪರಿಗೆಯ 8 ಓಮ್ಸ್ 4ರ ಸ್ಕ್ರೂವಿಗೆ. ಎರಡರದ್ದೂ ಇನ್ನೊಂದು ತುದಿ 0ಗೆ. ಈಗ ಚಾವಡಿಯ ಜೊತೆ ವಾಲ್ವಿಗೆ ಸುಮಾರು 8060 ಓಮ್ಸ್ ಆಗಿ ಕಾಣುತ್ತದೆ, ಉಪ್ಪರಿಗೆಯದು 8600 ಆಗಿ. ಎರಡೂ ಪ್ಯಾರಲಲ್ ಆದರೆ 4160. ಬೇಕಾದ್ದು 4300. ಇದಕ್ಕಿಂತ ಹತ್ತಿರ ಕೇಳಬೇಡಿ. ಪೂರ್ತಿ 35 ವಾಟ್ ಬಿಟ್ಟರೂ ಚಾವಡಿಗೆ ಸುಮಾರು 18, ಉಪ್ಪರಿಗೆಗೆ ಸುಮಾರು 17 ವಾಟ್ ಹಂಚಿಹೋಗುತ್ತದೆ.

ಅರ್ಧ ಆಯಿತಲ್ಲ, ಸದ್ದು ಕಡಿಮೆ ಆಗುತ್ತದಲ್ಲ ಅಂತ ನಿಮಗೆ ಅನ್ನಿಸಬಹುದು. ವಾಟ್ ಅರ್ಧ ಆದರೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸ್ವಲ್ಪ ಮೆಲ್ಲಗಾಯಿತು ಅನ್ನಿಸುವಷ್ಟು. ಸದ್ದು ಅರ್ಧ ಅನ್ನಿಸಬೇಕಾದರೆ ವಾಟ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. ಮನೆಯಲ್ಲಿ ನಾವು ಹೆಚ್ಚಿನ ಸಮಯ ಕೇಳುವುದು ಒಂದೆರಡು ವಾಟಿನಲ್ಲಿ. ಇನ್ನೊಂದು ಮಾತು. ವಾಟ್ ಸಮನಾಗಿ ಹಂಚಿದರೂ ಸದ್ದು ಸಮ ಬರುತ್ತದೆ ಅಂತ ಇಲ್ಲ. ಹಳೇ ದೊಡ್ಡ ಪೆಟ್ಟಿಗೆಗಳು ಕಡಿಮೆ ವಾಟಿಗೇ ಜೋರಾಗಿ ಹಾಡುತ್ತವೆ, ಈಗಿನ ಸಣ್ಣ ಬುಕ್‌ಶೆಲ್ಫ್‌ಗಳು ಹೆಚ್ಚು ಕೇಳುತ್ತವೆ. ಹಾಗಾಗಿ ಉಪ್ಪರಿಗೆಯಲ್ಲಿ ಸ್ವಲ್ಪ ಮೆಲ್ಲಗೆ ಕೇಳಿಸಬಹುದು. ಮಲಗುವ ಕೋಣೆಯಾದರೆ ಅದೇ ಒಳ್ಳೆಯದು.

ಸೀರೀಸ್ ಮಾಡಬಹುದೇ, ಅಂದರೆ ಒಂದರ ಹಿಂದೆ ಒಂದು ಜೋಡಿಸಬಹುದೇ ಅಂತಲೂ ಕೇಳುತ್ತಾರೆ. ಒಂದೇ ಮಾಡೆಲ್ಲಿನ ಎರಡು 8 ಓಮ್ಸ್ ಸ್ಪೀಕರ್ ಸೀರೀಸ್ ಮಾಡಿ 16ರ ಸ್ಕ್ರೂವಿಗೆ ಹಾಕುವುದರಲ್ಲಿ ತಪ್ಪೇನಿಲ್ಲ. ಸೀರೀಸ್ ಮಾಡಿದರೆ ಬಾಸ್ ಸಡಿಲವಾಗುತ್ತದೆ ಅನ್ನುವುದು ಹಳೇ ನಂಬಿಕೆ. ಎರಡೂ ತದ್ರೂಪ ಇದ್ದರೆ ಹಾಗಾಗುವುದಿಲ್ಲ, ಪ್ರತಿ ಸ್ವರದಲ್ಲೂ ವೋಲ್ಟೇಜ್ ಸರಿ ಅರ್ಧ ಅರ್ಧ ಹಂಚಿಕೆಯಾಗುತ್ತದೆ. ಬೇರೆ ಬೇರೆ ಸ್ಪೀಕರ್ ಆದರೆ ಒಂದರ ಏರಿಳಿತ ಇನ್ನೊಂದರ ಸ್ವರವನ್ನು ಕೆಡಿಸುತ್ತದೆ. ನಿಮ್ಮದು ಬೇರೆ ಬೇರೆ. ಬೇಡ.

ಸ್ವಿಚ್ಚಿನ ವಿಷಯ. ಅಂಗಡಿಯ ಸೆಲೆಕ್ಟರ್ ಬಾಕ್ಸ್ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಮಾಡಿದ್ದು. ಓಮ್ಸ್ ತೀರಾ ಇಳಿಯದಿರಲಿ ಅಂತ ಅಂಥ ಹಲವು ಬಾಕ್ಸ್‌ಗಳಲ್ಲಿ ಸ್ಪೀಕರಿಗೆ ಸೀರೀಸ್ ಆಗಿ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಅದರಿಂದ ಆಂಪ್ಲಿಫೈಯರಿಗೆ ಕೇಡಿಲ್ಲ, ಆದರೆ ಬಾಸ್ ಹಿಡಿತ ತಪ್ಪುತ್ತದೆ. ಮೃದಂಗದ ಎಡಭಾಗದ ಪೆಟ್ಟು ‘ಧುಮ್’ ಅಂತ ನಿಲ್ಲಬೇಕಾದ್ದು ‘ಧೂಊಮ್’ ಅಂತ ಎಳೆಯುತ್ತದೆ. ಅದಲ್ಲದೆ ಬಾಕ್ಸಿಗೆ ಹೋಗುವುದು ಒಂದೇ ಸ್ಕ್ರೂವಿನಿಂದ, ನಮ್ಮ ಎರಡು ಸ್ಕ್ರೂವಿನ ಉಪಾಯ ಅದರಲ್ಲಿ ನಡೆಯುವುದಿಲ್ಲ. ಎಲ್ಲ ಬಟನ್ ಆಫ್ ಮಾಡಿದರೆ ಆಂಪ್ಲಿಫೈಯರ್ ಹೊರೆ ಇಲ್ಲದೆ ನಿಲ್ಲುತ್ತದೆ, ಅದೇ ಕಾಪುವಿನ ಕಥೆ. ಆ ಬಾಕ್ಸ್ ತೆಗೆದುಕೊಳ್ಳಬೇಡಿ.

ನಾನಾದರೆ ಹೀಗೆ ಮಾಡುತ್ತೇನೆ. ಚಾವಡಿಯ ಜೊತೆಗೆ ಸ್ವಿಚ್ಚೇ ಇಡುವುದಿಲ್ಲ, ಅದು ಯಾವಾಗಲೂ ಸೇರಿಯೇ ಇರಲಿ. ಉಪ್ಪರಿಗೆಯ ಜೊತೆಗೆ ಮಾತ್ರ ಒಂದು ಟಾಗಲ್ ಸ್ವಿಚ್. ಅದನ್ನು ಆಫ್ ಮಾಡಿದಾಗ ವಾಲ್ವಿಗೆ 8060 ಓಮ್ಸ್ ಕಾಣುತ್ತದೆ, ಅಂದರೆ ಇರಬೇಕಾದ್ದರ ಸುಮಾರು ಎರಡರಷ್ಟು. ಮನೆಯ ವಾಲ್ಯೂಮಿನಲ್ಲಿ ಅಷ್ಟು ವ್ಯತ್ಯಾಸ ತೊಂದರೆ ಕೊಡುವುದಿಲ್ಲ. ಉಪ್ಪರಿಗೆ ಆಫ್ ಮಾಡಿ ಚಾವಡಿಯಲ್ಲಿ ಜೋರಾಗಿ ಕೇಳಬೇಕಾದ ದಿನ ಆಂಪ್ಲಿಫೈಯರ್ ಆರಿಸಿ, ಚಾವಡಿಯ ವೈರನ್ನು 16ರ ಸ್ಕ್ರೂವಿಗೆ ಬದಲಾಯಿಸಿ. ಮತ್ತೆ ಎರಡೂ ಜೊತೆ ಹಾಕುವ ಮೊದಲು ನೆನಪಿಟ್ಟು 8ಕ್ಕೇ ತನ್ನಿ.

ಚಾವಡಿ ಬೇಡ, ಉಪ್ಪರಿಗೆ ಮಾತ್ರ ಬೇಕು ಅನ್ನುವ ಸಂದರ್ಭ ಬರುವುದಾದರೆ ಚಾವಡಿಗೂ ಸ್ವಿಚ್ ಬೇಕಾಗುತ್ತದೆ. ಆಗ ಆರು ಪಿನ್ನಿನ ಟಾಗಲ್ ಹಾಕಿ. ಅದು ಒಂದು ಕಡೆಗೆ ಸ್ಪೀಕರಿಗೆ, ಇನ್ನೊಂದು ಕಡೆಗೆ 15 ಓಮ್ಸ್ 50 ವಾಟಿನ ವೈರ್‌ವೌಂಡ್ ರೆಸಿಸ್ಟರಿಗೆ ಕೊಡಬೇಕು. ಬಂಗಾರದ ಬಣ್ಣದ ಅಲ್ಯೂಮಿನಿಯಂ ಮೈಯ ರೆಸಿಸ್ಟರ್ ಸಿಗುತ್ತದೆ, ಚಾನೆಲ್ಲಿಗೆ ಒಂದು. ಒಂದು ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಮಾಡಿ, ಬಿಸಿಯಾಗುತ್ತದೆ, ಮರಕ್ಕೆ ತಾಗಬಾರದು. ಇದಲ್ಲದೆ ಪ್ರತಿ ಚಾನೆಲ್ಲಿನ 0 ಮತ್ತು 16ರ ನಡುವೆ 220 ಓಮ್ಸ್ 10 ವಾಟಿನ ಒಂದು ರೆಸಿಸ್ಟರನ್ನು ಶಾಶ್ವತವಾಗಿ ಹಾಕಿಡಿ. ಹಾಡಿಗೆ ಅದು ಲೆಕ್ಕಕ್ಕೇ ಇಲ್ಲ. ವೈರ್ ಜಾರಿದ ದಿನ ಆ ಜಿಗಿತವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಪೂರ್ತಿ ಕಾಯುತ್ತದೆ ಅಂತ ಮಾತ್ರ ನಂಬಬೇಡಿ. ಯಾವ ಸ್ವಿಚ್ ಒತ್ತುವ ಮೊದಲೂ ವಾಲ್ಯೂಮ್ ಸೊನ್ನೆಗೆ ತನ್ನಿ, ಏಕೆಂದರೆ ಟಾಗಲ್ ಈ ಕಡೆಯಿಂದ ಆ ಕಡೆಗೆ ಹೋಗುವಾಗ ಒಂದು ಕ್ಷಣ ಎಲ್ಲಿಗೂ ಸೇರಿರುವುದಿಲ್ಲ.

ಎಡ ಚಾನೆಲ್ಲಿನ 4, 8, 16ನ್ನು ಬಲ ಚಾನೆಲ್ಲಿನ ಸ್ಕ್ರೂಗಳಿಗೆ ಯಾವ ಕಾರಣಕ್ಕೂ ಸೇರಿಸಬೇಡಿ. ಒಂದೇ ಚಾನೆಲ್ಲಿನ 4 ಮತ್ತು 8 ಕೂಡ ಒಂದಕ್ಕೊಂದು ತಾಗಬಾರದು, ತಾಗಿದರೆ ಟ್ರಾನ್ಸ್‌ಫಾರ್ಮರಿನ ಒಂದು ಭಾಗವೇ ಶಾರ್ಟ್ ಆಗುತ್ತದೆ. ಹಳೇ ಸ್ಕ್ರೂ ಪಟ್ಟಿಯಲ್ಲಿ ಜಾಗ ಕಡಿಮೆ. ಬಿಡಿ ಎಳೆಗಳನ್ನು ಸುತ್ತಿ ಬಿಗಿಯುವ ಬದಲು ತುದಿಗೆ ಸ್ಕ್ರೂವಿಗೆ ಕೂರುವ ಲೋಹದ ಲಗ್ ಹಾಕಿಸಿ.

ವೈರ್ ಮಾಡಿಸುವ ಮೊದಲು ಮಲ್ಟಿಮೀಟರಿನಲ್ಲಿ ಸ್ಪೀಕರ್‌ಗಳನ್ನು ಒಮ್ಮೆ ಅಳೆಯಿರಿ. ಮೀಟರ್ ತೋರಿಸುವುದು ಬರೆದದ್ದಕ್ಕಿಂತ ಕಡಿಮೆ ಇರುತ್ತದೆ, ಗಾಬರಿ ಬೇಡ. 8 ಓಮ್ಸಿನದು ಸುಮಾರು 6 ತೋರಿಸುತ್ತದೆ, 15ರದ್ದು 10ರಿಂದ 13ರ ಒಳಗೆ. ಇಂಗ್ಲೆಂಡಿನ ಹಳೇ ಸ್ಪೀಕರ್‌ಗಳಲ್ಲಿ 15 ಓಮ್ಸ್ ಸಾಮಾನ್ಯವಾಗಿತ್ತು, ನಿಮ್ಮ ಮಾವನ ಪೆಟ್ಟಿಗೆಯೂ ಅಂಥದ್ದೇ ಇರಬೇಕು. ಆದರೆ ಎಷ್ಟೋ ಹಳೇ ಪೆಟ್ಟಿಗೆಗಳಲ್ಲಿ ನಡುವೆ ಯಾರೋ ಸ್ಪೀಕರ್ ಬದಲಾಯಿಸಿರುತ್ತಾರೆ, ಹಿಂದಿನ ಲೇಬಲ್ ಮಾತ್ರ ಹಾಗೇ ಉಳಿದಿರುತ್ತದೆ. ಮೀಟರ್ 6 ತೋರಿಸಿದರೆ ಅದು 8 ಓಮ್ಸಿನದು. ಆಗ ಅದನ್ನೂ 4ರ ಸ್ಕ್ರೂವಿಗೇ ಹಾಕಿ, ಎರಡು 8 ಸೇರಿ 4, ಲೆಕ್ಕ ಮತ್ತೆ ಸರಿ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ಎಲ್ಲೋ ತುಂಡಾಗಿದೆ, ಅದನ್ನು ಹಾಕಲೇಬೇಡಿ.

ಉಪ್ಪರಿಗೆಗೆ ವೈರ್ ಎಷ್ಟು ಉದ್ದ ಬೇಕು ಅಂತ ನೀವು ಬರೆದಿಲ್ಲ. 15 ಮೀಟರ್ ಅಂದುಕೊಳ್ಳೋಣ. ಹೋಗಿ ಬರುವುದು 30 ಮೀಟರ್ ತಾಮ್ರ. 0.5 ಚದರ ಮಿಲಿಮೀಟರಿನ ತೆಳು ವೈರಿನಲ್ಲಿ ಅದೇ ಸುಮಾರು 1.2 ಓಮ್ಸ್ ಆಗುತ್ತದೆ, 8 ಓಮ್ಸ್ ಸ್ಪೀಕರಿಗೆ ಅದು ಜಾಸ್ತಿ. ಮನೆ ವೈರಿಂಗಿಗೆ ಬಳಸುವ 1.5ರ ಫ್ಲೆಕ್ಸಿಬಲ್ ವೈರ್ ಹಾಕಿದರೆ 0.4 ಓಮ್ಸ್. ಅಷ್ಟು ಸಾಕು. ಸ್ಪೀಕರ್ ವೈರ್ ಅಂತ ಮೀಟರಿಗೆ ಸಾವಿರ ರೂಪಾಯಿ ಕೊಡಬೇಡಿ, ಆ ದುಡ್ಡನ್ನು ಒಳ್ಳೆಯ ಲಗ್ಗಿಗೆ, ಬಿಗಿ ಸ್ಕ್ರೂ ಇರುವ ಟರ್ಮಿನಲ್ಲಿಗೆ ಹಾಕಿ. ಸ್ಪ್ರಿಂಗ್ ಕ್ಲಿಪ್ ಇದ್ದರೆ ತೆಗೆಸಿಬಿಡಿ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಎಲ್ಲ ತುದಿಗಳನ್ನು ಬಿಚ್ಚಿ ನೋಡಿ. ಹಸಿರು ಕಂಡರೆ ಆ ತುದಿ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಕರಾವಳಿಯಲ್ಲಿ ವಾಲ್ವ್ ಆಂಪ್ಲಿಫೈಯರ್ ಉಳಿಸಿಕೊಳ್ಳಬೇಕಾದರೆ ವರ್ಷಕ್ಕೆ ಎರಡು ಸಲದ ಈ ಹತ್ತು ನಿಮಿಷದ ಕೆಲಸ ಬೇಕೇ ಬೇಕು.

ಈಗ ಅಮ್ಮನ ಜಗಲಿ. ಹೋಮ್ ಥಿಯೇಟರಿನ ಆ ಸಣ್ಣ ಸ್ಪೀಕರ್‌ಗಳಿಗೆ ಬಾಸ್ ತಾಳುವ ಶಕ್ತಿಯೇ ಇರುವುದಿಲ್ಲ. ಅವುಗಳ ಸೆಟ್ಟಿನಲ್ಲಿ ಬಾಸನ್ನು ಬೇರೆ ಮಾಡಿ ಸಬ್‌ವೂಫರಿಗೆ ಕಳಿಸುತ್ತಿದ್ದರು. ನೇರವಾಗಿ 35 ವಾಟಿನ ಆಂಪ್ಲಿಫೈಯರಿಗೆ ಹಾಕಿದರೆ ಕೋನ್ ಹರಿಯುತ್ತದೆ ಅಥವಾ ಕಾಯಿಲ್ ಸುಡುತ್ತದೆ. ಅವು 4 ಓಮ್ಸ್ ಆದ ಕಾರಣ ಚಾವಡಿ, ಉಪ್ಪರಿಗೆಯ ಲೆಕ್ಕವನ್ನೂ ಕೆಡಿಸುತ್ತವೆ. 12 ಓಮ್ಸ್ ರೆಸಿಸ್ಟರ್ ಸೀರೀಸ್ ಮಾಡಿ 16 ಮಾಡಬಹುದಲ್ಲ ಅಂತ ಯಾರಾದರೂ ಹೇಳಬಹುದು. ಆಗ ನಾಲ್ಕರಲ್ಲಿ ಮೂರು ಪಾಲು ಶಕ್ತಿ ರೆಸಿಸ್ಟರಿನಲ್ಲೇ ಬಿಸಿಯಾಗಿ ಹೋಗುತ್ತದೆ.

ಜಗಲಿಗೆ ಒಂದು ಸಣ್ಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇಡಿ, ಚಾನೆಲ್ಲಿಗೆ 10-20 ವಾಟ್ ಸಾಕು. ಬಾಸನ್ನು ಪೂರ್ತಿ ಇಳಿಸಿಡಿ. ನಿಮ್ಮ ಪ್ರಿಆಂಪಿನಲ್ಲಿ ಲೈನ್ ಔಟ್ ಅಥವಾ ಟೇಪ್ ಔಟ್ ಇದ್ದರೆ ಅಲ್ಲಿಂದ ಒಂದು ಶೀಲ್ಡ್ ವೈರ್ ಎಳೆದರೆ ಒಳಗಿನ ಹಾಡೇ ಜಗಲಿಗೂ ಬರುತ್ತದೆ. ಅದಕ್ಕಿಂತ ಮುಖ್ಯ, ಬೆಳಿಗ್ಗೆ ಐದೂವರೆಗೆ ಅಮ್ಮನಿಗೆ ಡೈನಾಕೊ ಸ್ವಿಚ್ ಹಾಕಿ, ವಾಲ್ವ್ ಬಿಸಿಯಾಗುವುದನ್ನು ಕಾಯುವ ಕೆಲಸ ಇರುವುದಿಲ್ಲ. ಮಳೆಯ ಇರಚಲು ಜಗಲಿಗೆ ಬರುವ ದಿನಗಳಲ್ಲಿ ಸ್ಪೀಕರ್ ವೈರ್ ಒದ್ದೆಯಾದರೂ ಮಾವನ ಆಂಪ್ಲಿಫೈಯರಿಗೆ ಏನೂ ತಾಗುವುದಿಲ್ಲ.

ಕೊನೆಯದಾಗಿ ಕರೆಂಟಿನ ವಿಷಯ. ಅಮೆರಿಕದಿಂದ ಬಂದದ್ದು ಅಂದಿರಿ, ಹಾಗಾದರೆ ಅದು 120 ವೋಲ್ಟಿನ ಹತ್ತಿರದ್ದು. ಮನೆಯ ಕರೆಂಟನ್ನು ಅಷ್ಟಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟಿರಲೇಬೇಕು. ಅದು 500 ವಿಎ ಇರಲಿ, ಒಳಗೆ ಎರಡು ಬೇರೆ ಬೇರೆ ಸುತ್ತು ಇರುವ ಐಸೋಲೇಶನ್ ನಮೂನೆಯದು ಇರಲಿ. ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಹೆಚ್ಚಿನವು ಒಂದೇ ಸುತ್ತಿನ ಆಟೋ ಟ್ರಾನ್ಸ್‌ಫಾರ್ಮರ್, ಅವು ಆಂಪ್ಲಿಫೈಯರನ್ನು ಮನೆಯ ಲೈನಿನಿಂದ ಬೇರ್ಪಡಿಸುವುದಿಲ್ಲ. ಆ ಕಾಲದ ವೈರಿಗೆ ಎರಡೇ ಪಿನ್, ಅರ್ತ್ ಇಲ್ಲ. ಸ್ಪೀಕರಿನ 0 ಸ್ಕ್ರೂ ಚಾಸಿಗೆ (ಆಂಪ್ಲಿಫೈಯರಿನ ಲೋಹದ ಮೈಗೆ) ಸೇರಿದೆ, ಅಂದರೆ ಚಾಸಿಗೆ ಕರೆಂಟ್ ಬಂದರೆ ಉಪ್ಪರಿಗೆಯ ಸ್ಪೀಕರ್ ವೈರಿಗೂ ಬರುತ್ತದೆ. ಮೂರು ಪಿನ್ನಿನ ವೈರ್ ಹಾಕಿಸಿ ಚಾಸಿಗೆ ಅರ್ತ್ ಕೊಡಿಸಿ, ಇದನ್ನು ಮುಂದೂಡಬೇಡಿ. ಸರ್ವಿಸ್ ಮಾಡಿದವರ ಹತ್ತಿರ ಬಯಾಸ್ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜ್) ಕೊಡುವ ಹಳೇ ಸೆಲೆನಿಯಂ ರೆಕ್ಟಿಫೈಯರ್ ಬದಲಾಯಿಸಿದ್ದಾರಾ ಅಂತ ಕೇಳಿ. ಅದು ಕೈಕೊಟ್ಟರೆ ಬಯಾಸ್ ಹೋಗಿ ನಾಲ್ಕೂ ವಾಲ್ವ್ ಕೆಂಪಾಗುತ್ತವೆ. ಎರಡೂ ಚಾನೆಲ್ಲಿನಲ್ಲಿ ಬಯಾಸ್ 1.56 ವೋಲ್ಟ್ ಇದೆಯಾ ಅಂತಲೂ ನೋಡಿಸಿ. ಅದನ್ನು ಅಳೆಯುವುದು ಆಂಪ್ಲಿಫೈಯರಿನ ಮುಂಭಾಗದ ಎಂಟು ಪಿನ್ನಿನ ಸಾಕೆಟ್ಟಿನಲ್ಲಿ. ಅದೇ ಸಾಕೆಟ್ಟಿನ ಇನ್ನೊಂದು ಪಿನ್ನಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇದೆ. ಆದ್ದರಿಂದ ಈ ಒಂದು ಕೆಲಸ ನೀವು ಮಾಡಬೇಡಿ, ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಎಲ್ಲ ಜೋಡಿಸಿದ ಮೊದಲ ಸಂಜೆ ಎರಡೂ ಜೊತೆ ಆನ್ ಮಾಡಿ, ನೀವು ಯಾವಾಗಲೂ ಕೇಳುವ ವಾಲ್ಯೂಮಿಗಿಂತ ಸ್ವಲ್ಪ ಜಾಸ್ತಿ ಇಟ್ಟು ಅರ್ಧ ಗಂಟೆ ಬಿಡಿ. ಆಮೇಲೆ ಚಾವಡಿಯ ದೀಪ ಆರಿಸಿ ವಾಲ್ವ್‌ಗಳನ್ನು ನೋಡಿ. ನಡುವೆ ಕಿತ್ತಳೆ ಬಣ್ಣದಲ್ಲಿ ಹೀಟರ್ ಹೊಳೆಯುವುದು ಸರಿ. ಗಾಜಿನ ಒಳಗೋಡೆಯ ಮೇಲೆ ನೀಲಿ ಛಾಯೆ ಆಡಿದರೂ ಹೆದರಬೇಡಿ. ಹೊರಗಿನ ಬೂದು ಬಣ್ಣದ ಪ್ಲೇಟಿನ ಮೇಲೆ ಮಸುಕು ಕೆಂಪು ಕಲೆ ಕಂಡರೆ ಮಾತ್ರ ಕೂಡಲೇ ಆಫ್ ಮಾಡಿ, ಯಾವ ವಾಲ್ವಿನಲ್ಲಿ ಕಂಡಿತು ಅಂತ ಗುರುತು ಹಾಕಿಕೊಂಡು ನನಗೆ ಬರೆಯಿರಿ.